ಎರಡು ಚೀಟಿ ಹಿಡಿದು ಹಳೇನಗರಕ್ಕೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಅದೇ ಸಂಜೆ ಹಿಂದಿರುಗಿದ ಒಂದು ದಿನದ ಪ್ರಯಾಣ ಇದು. ದೂರ ಹದಿನೆಂಟೋ ಇಪ್ಪತ್ತೋ ಕಿಲೋಮೀಟರು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಐದೇ ಸಂಗತಿ: ಬಸ್ ಚಾರ್ಜು ತಲಾ ಐದು ರೂಪಾಯಿ, ವಿಪರೀತ ಸೆಕೆ, ಆರ್ಮುಗಂ ಮನೆಯಲ್ಲಿ ಊಟ, ಚಿಕ್ಕಪ್ಪ ಎರಡು ಚೀಟಿ ತೆಗೆದುಕೊಂಡದ್ದು, ತಲೆನೋವು. ಉಳಿದದ್ದೆಲ್ಲ ನೆನಪಿನಿಂದ ಬರುತ್ತಿದೆ. ಜನ ಆಡಿದ ಮಾತನ್ನು ಆಡಿದ್ದಕ್ಕಿಂತ ಚೆನ್ನಾಗಿ ಹೊಂದಿಸಿಡುವ ಚಾಳಿ ನನ್ನ ನೆನಪಿಗೆ ಇದೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಭದ್ರಾವತಿಯಲ್ಲಿ ನಗರಸಭೆ ಚುನಾವಣೆ. ನಾನು ಎಂ.ಎ. ಮುಗಿಸಿ, ಕೆಲಸ ಸಿಗದೆ, ಶಿವಮೊಗ್ಗದಲ್ಲಿ ಚಂದ್ರಣ್ಣ ಚಿಕ್ಕಪ್ಪನ ಮನೆಯಲ್ಲಿದ್ದೆ. ಚಿಕ್ಕಪ್ಪ ಭದ್ರಾವತಿಯ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗಳು ವಿನುತಾಳ ಕಾಲೇಜಿಗಾಗಿ ಎರಡು ವರ್ಷದ ಹಿಂದೆ ಶಿವಮೊಗ್ಗಕ್ಕೆ ಬಾಡಿಗೆ ಮನೆ ಮಾಡಿಕೊಂಡು ಬಂದಿದ್ದರು. ಆದರೆ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಭದ್ರಾವತಿಯ ಹಳೇನಗರದಲ್ಲೇ ಇತ್ತು. ಚಿಕ್ಕಮ್ಮನ ಹೆಸರು ಹೇಗೋ ಬಿಟ್ಟುಹೋಗಿತ್ತು. ಹಾಗಾಗಿ ಓಟು ಹಾಕಲು ಹೊರಟವರು ಚಿಕ್ಕಪ್ಪ ಒಬ್ಬರೇ. ಜೊತೆಗೆ ನಾನು.

ನಾನು ಯಾಕೆ ಹೋದೆ ಎಂಬುದಕ್ಕೆ ಎರಡು ಉತ್ತರವಿದೆ. ಚಿಕ್ಕಪ್ಪ ಒಂದು ಪುಟ್ಟ ಪಕ್ಷದ ಅಧ್ಯಕ್ಷರಾಗಿದ್ದರು. ರಿಜಿಸ್ಟರಿನಲ್ಲಿ ಅದರ ಹೆಸರು ನೆರೆಹೊರೆ ಪಕ್ಷ, ಊರಿನ ಬಾಯಲ್ಲಿ ಅಕ್ಕಪಕ್ಕದ ಪಾರ್ಟಿ. ಕಾರ್ಖಾನೆಯ ಕೆಲಸಕ್ಕೆಂದು ಅಜ್ಜಂದಿರ ಕಾಲದಲ್ಲಿ ಬಂದು ನೆಲೆಸಿದ ತಮಿಳರನ್ನೂ ಊರಿನ ಕನ್ನಡದವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಬೇಕೆಂಬುದು ಅದರ ಉದ್ದೇಶ. ಅದರ ಕರಪತ್ರ ಬರೆದುಕೊಟ್ಟವಳು ನಾನು. ಇದು ಮೊದಲನೆಯ ಉತ್ತರ. ಎರಡನೆಯದು, ಹೊರಡುವಾಗ ಚಿಕ್ಕಮ್ಮ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದ್ದು: “ನೀನೂ ಹೋಗು ಶೈಲಾ. ಯಾರ ಟೇಬಲ್ಲಿನ ಹತ್ರ ಚೀಟಿ ಇಸ್ಕೋತಾರೆ ನೋಡ್ಕೊಂಡು ಬಾ.”

ಆಮೇಲೆ ಚಪ್ಪಲಿ ಮೆಟ್ಟುತ್ತಿದ್ದ ಚಿಕ್ಕಪ್ಪನ ಎದುರು ಬಂದು, ಚಿಕ್ಕಪ್ಪನ ಗೆಳೆಯ ಆರ್ಮುಗಂ ಮನೆಗೆಂದು ಉಪ್ಪಿನಕಾಯಿ ತುಂಬಿದ ಗಾಜಿನ ಬಾಟಲಿ ಕೈಗಿಟ್ಟು, ಗಟ್ಟಿಯಾಗಿಯೇ ಅಂದರು: “ಓಟು ಗುಟ್ಟು ಅಂತ ಸರ್ಕಾರಾನೇ ಹೇಳಿದೆ. ಅವರಿಗೆ ಉಪ್ಪಿನಕಾಯಿ ಕೊಡಿ, ಇವರಿಗೆ ಓಟು ಹಾಕಿ. ಯಾರಿಗೂ ನೋವಾಗಲ್ಲ.”

‘ಇವರು’ ಎಂದರೆ ನಾಗೇಂದ್ರಪ್ಪ. ಹಳೇನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ನಮ್ಮವರೇ. ಅವರ ತಮ್ಮನ ಮಗನಿಗೆ ವಿನುತಾಳನ್ನು ಕೊಡುವ ಮಾತು ನಡೆದಿತ್ತು. ಹುಡುಗ ಒಪ್ಪಿದ್ದ, ವಿನುತಾಳೂ ಒಪ್ಪಿದ್ದಳು, ಹಿರಿಯರು ಮಾತ್ರ ಚುನಾವಣೆ ಮುಗಿಯಲಿ ಎಂದು ಕೂತಿದ್ದರು. ನಾಗೇಂದ್ರಪ್ಪ ಆ ವಾರ್ಡಿಗೆ ಪಕ್ಷೇತರ ಅಭ್ಯರ್ಥಿ, ಟೇಬಲ್ ಫ್ಯಾನ್ ಗುರುತು. ಅವರ ಎದುರು ನಿಂತವರು ಆರ್ಮುಗಂ, ಹೊಲಿಗೆ ಮಿಷನ್ ಗುರುತು, ಚಿಕ್ಕಪ್ಪನದೇ ಪಕ್ಷ. ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರೂ ಚಿಕ್ಕಪ್ಪನೇ.

ಆರ್ಮುಗಂ ಕಾರ್ಖಾನೆಯ ಫೌಂಡ್ರಿಯಲ್ಲಿ ಫಿಟ್ಟರ್. ಮನೆ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಲ್ಲಿ ಅರ್ಧಕ್ಕರ್ಧ ತಮಿಳರು. ಅಲ್ಲೇ ನಿಂತಿದ್ದರೆ ಕಣ್ಣು ಮುಚ್ಚಿ ಗೆಲ್ಲುತ್ತಿದ್ದರು. ಆದರೆ ಪಕ್ಷಕ್ಕೆ ಚಿಕ್ಕಪ್ಪ ಮಾಡಿದ ಒಂದು ನಿಯಮವಿತ್ತು: ತಮಿಳರು ಹೆಚ್ಚಿರುವ ವಾರ್ಡಿನಲ್ಲಿ ಕನ್ನಡದವನು ನಿಲ್ಲಬೇಕು, ಕನ್ನಡದವರು ಹೆಚ್ಚಿರುವಲ್ಲಿ ತಮಿಳ. ಸಭೆಯಲ್ಲೂ ಹಾಗೆಯೇ, ಕನ್ನಡದವರು ತಮಿಳಿನಲ್ಲಿ ಭಾಷಣ ಮಾಡಬೇಕು, ತಮಿಳರು ಕನ್ನಡದಲ್ಲಿ. ಚಿಕ್ಕಪ್ಪ, ಆರ್ಮುಗಂ ಇಬ್ಬರೇ ಇದ್ದಾಗಲೂ ಇದನ್ನು ಬಿಡುತ್ತಿರಲಿಲ್ಲ. ಇವರು ತಮ್ಮ ಹರಕು ತಮಿಳಿನಲ್ಲಿ ಕೇಳಿದರೆ ಅವರು ಸಲೀಸು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಕಾವೇರಿ ಗಲಾಟೆಯ ವರ್ಷ ಆರ್ಮುಗಂ ಸಂಸಾರ ಒಂಬತ್ತೋ ಹತ್ತೋ ದಿನ ಚಿಕ್ಕಪ್ಪನ ಹಳೇನಗರದ ಮನೆಯಲ್ಲಿತ್ತು. ಈ ಅಭ್ಯಾಸ ಶುರುವಾದದ್ದು ಆಗ, ಅಡಿಗೆಮನೆಯಲ್ಲಿ, ಹೆಂಗಸರ ನಡುವೆ ಎಂದು ಚಿಕ್ಕಮ್ಮ ಹೇಳುತ್ತಿದ್ದರು. ಪಕ್ಷ ಆಮೇಲೆ ಹುಟ್ಟಿದ್ದು.

ಬಸ್ ಸ್ಟ್ಯಾಂಡಿನಲ್ಲಿ ಒಂಬತ್ತು ಗಂಟೆಗೇ ಸಿಮೆಂಟಿನ ಬೆಂಚು ಕಾದಿತ್ತು. ಬಸ್ಸು ಹತ್ತಿದ ಮೇಲೆ ಚಿಕ್ಕಪ್ಪ ಮೊದಲು ಕಿಟಕಿ ಪಕ್ಕ ಕೂತರು, ಬಿಸಿಲು ಬರುತ್ತದೆಂದು ಆ ಬದಿಗೆ ಹೋದರು, ಅಲ್ಲಿ ಗಾಳಿ ಇಲ್ಲವೆಂದು ಮತ್ತೆ ಈ ಬದಿಗೆ ಬಂದರು. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡರು, ಕಾಲ ಬಳಿ ಇಟ್ಟರು, ಕೊನೆಗೆ ನನ್ನ ಕೈಗೆ ಕೊಟ್ಟರು. ತುಂಗಾ ಸೇತುವೆ ದಾಟುವಾಗ ಕೆಳಗೆ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ವಿದ್ಯಾನಗರ, ಮಲವಗೊಪ್ಪ, ನಿದಿಗೆ. ದಾರಿಯುದ್ದಕ್ಕೂ ಚಿಕ್ಕಪ್ಪನದು ಒಂದೇ ಕೆಲಸ: ಜೇಬಿನಿಂದ ಕನ್ನಡಕ ತೆಗೆದು ಒರೆಸುವುದು, ಹಾಕಿಕೊಳ್ಳುವುದು, ತೆಗೆಯುವುದು.

ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಒಮ್ಮೆಲೇ ಎದ್ದು, ಟೀ ಕುಡಿದು ಹೋಗೋಣ ಎಂದು ಇಳಿದೇಬಿಟ್ಟರು. ಕಂಡಕ್ಟರ್ ಸೀಟಿ ಊದಿದ. ನಾನು ಬಾಟಲಿ ತಬ್ಬಿಕೊಂಡು ಹಿಂದೆ ಇಳಿದೆ. ಬಸ್ಸು ಹೋಯಿತು. ಕೊಟ್ಟ ಚಾರ್ಜು ಹಾಳಾಯಿತಲ್ಲ ಎಂದೆ. ಅವರು ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಕೈ ಆಡಿಸಿದರು.

ಮತದಾನಕ್ಕೆ ರಜೆ ಕೊಟ್ಟಿದ್ದರಿಂದ ಅಲ್ಲಿನ ವರ್ಕ್‌ಶಾಪುಗಳೆಲ್ಲ ಬಾಗಿಲು ಹಾಕಿದ್ದವು. ಎಂದೂ ನಿಲ್ಲದ ಲೇತಿನ ಸದ್ದು ನಿಂತು, ಶೀಟಿನ ಮಾಡು ಬಿಸಿಲಿಗೆ ಟಕ್ ಟಕ್ ಅನ್ನುವುದು ಕೇಳುತ್ತಿತ್ತು. ರಸ್ತೆ ಬದಿಯ ಟೀ ಅಂಗಡಿಯವನಿಗೆ ಚಿಕ್ಕಪ್ಪನ ಗುರುತು ಇತ್ತು. ಎರಡು ಗ್ಲಾಸು ಮುಂದಿಟ್ಟು ಶುರುಮಾಡಿದ.

“ಅಧ್ಯಕ್ಷರೇ, ತಮಿಳರನ್ನ ಕನ್ನಡದೋರ ವಾರ್ಡಲ್ಲಿ, ಕನ್ನಡದೋರನ್ನ ತಮಿಳರ ವಾರ್ಡಲ್ಲಿ ನಿಲ್ಸಿದೀರಂತೆ. ಮೀನನ್ನ ಮರ ಹತ್ಸಿ ಕೋತಿನ ಹೊಳೆಗೆ ಇಳ್ಸಿದ್ರಿ ಅನ್ನಿ.”

“ಅವರವರ ಜನ ಅವರವರಿಗೇ ಓಟು ಹಾಕೋದಾದ್ರೆ ಅದಕ್ಕೆ ಪಕ್ಷ ಯಾಕೆ ಬೇಕು ಮಾರಾಯ?” ಎಂದರು ಚಿಕ್ಕಪ್ಪ.

“ಅದು ಸರಿ. ಆದ್ರೆ ಮೀನಿಗೂ ಒಂದು ಮಾತು ಕೇಳಿದ್ರಾ?”

ಚಿಕ್ಕಪ್ಪ ನಕ್ಕರು. ಅರ್ಧ ಟೀ ಹಾಗೇ ಬಿಟ್ಟರು. ಬಸ್ಸು ಬರುವವರೆಗೂ ರಸ್ತೆಯ ಅಂಚಿನಲ್ಲಿ ಶಿವಮೊಗ್ಗದ ಕಡೆಗೆ ನಾಲ್ಕು ಹೆಜ್ಜೆ, ಭದ್ರಾವತಿಯ ಕಡೆಗೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಮೊದಲು ಬಂದದ್ದು ಶಿವಮೊಗ್ಗದ ಬಸ್ಸು. ಅವರು ಅದಕ್ಕೆ ಕೈ ಮಾಡಿದರೆಂದು ನನ್ನ ನೆನಪು, ಬರೀ ಬೆವರು ಒರೆಸಲು ಕೈ ಎತ್ತಿದ್ದೂ ಇರಬಹುದು.

ಭದ್ರಾವತಿಯಲ್ಲಿ ಇಳಿದಾಗ ಹನ್ನೊಂದೂವರೆ. ಭದ್ರೆಯ ಸೇತುವೆಯನ್ನು ನಡೆದೇ ದಾಟಿದೆವು. ಹಳೇನಗರದ ಸರ್ಕಾರಿ ಶಾಲೆಯಲ್ಲಿ ಮತಗಟ್ಟೆ. ಅದರಿಂದ ನೂರು ಮೀಟರಿಗೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಹೊರಗೆ ಅಭ್ಯರ್ಥಿಗಳ ಕಡೆಯವರ ಮೇಜುಗಳು. ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಿ, ಕ್ರಮಸಂಖ್ಯೆ ಬರೆದ ಚೀಟಿ ಕೊಡುವುದು ಆ ಮೇಜುಗಳ ಕೆಲಸ. ಯಾರ ಮೇಜಿನಲ್ಲಿ ಚೀಟಿ ತೆಗೆದುಕೊಂಡರೋ ಅವರಿಗೇ ಓಟು ಎಂದು ಬೀದಿಯಲ್ಲಿ ನಿಂತವರೆಲ್ಲ ತೀರ್ಮಾನ ಮಾಡುತ್ತಾರೆ. ಒಳಗಿನ ಓಟು ಗುಟ್ಟು, ಹೊರಗಿನ ಚೀಟಿ ಬಹಿರಂಗ. ಚಿಕ್ಕಮ್ಮನಿಗೆ ಇದು ಗೊತ್ತಿದ್ದೇ ನನ್ನನ್ನು ಕಳಿಸಿದ್ದು.

ಬೇವಿನ ಮರದ ನೆರಳಿನಲ್ಲಿ ನಾಗೇಂದ್ರಪ್ಪನವರ ಮೇಜು. ಸುತ್ತ ಹತ್ತು ಹದಿನೈದು ಜನ, ಮಡಕೆಯಲ್ಲಿ ಮಜ್ಜಿಗೆ. ಎದುರು ಬದಿಗೆ, ನೆರಳಿಲ್ಲದ ಕಡೆ, ಆರ್ಮುಗಂ ಒಬ್ಬರೇ ಕೂತಿದ್ದರು. ಮೇಜು ಸಿಗದೆ ಯಾರದೋ ಹೊಲಿಗೆ ಮಿಷನ್ನನ್ನೇ ತಂದು, ಮೇಲೆ ಪ್ಲೈವುಡ್ ಹಲಗೆ ಹಾಸಿಕೊಂಡಿದ್ದರು. ಗುರುತಿನ ಪ್ರಚಾರವೆಂದು ಪೊಲೀಸರು ಆಕ್ಷೇಪಿಸಿದ್ದಕ್ಕೆ ಅದರ ಮೇಲೊಂದು ಬೆಡ್‌ಶೀಟು ಹೊದಿಸಿದ್ದರು. ತಲೆಗೆ ಒದ್ದೆ ಟವೆಲು. ಬೆಳಗಿನಿಂದ ಅಲ್ಲಿಗೆ ಯಾರೂ ಬಂದಂತೆ ಕಾಣಲಿಲ್ಲ. ಚೀಟಿಯ ಕಟ್ಟು ಕಟ್ಟಾಗಿಯೇ ಇತ್ತು.

ಚಿಕ್ಕಪ್ಪ ರಸ್ತೆಯ ನಡುವೆ ನಿಂತರು. ನಾಗೇಂದ್ರಪ್ಪನವರು ಎದ್ದು ಬಂದರು. ಕೈಯಲ್ಲಿ ಆಗಲೇ ಬರೆದಿಟ್ಟ ಚೀಟಿ.

“ಬನ್ನಿ ಭಾವ, ನಿಮ್ಮ ನಂಬರ್ ಬರೆದು ಇಟ್ಟಿದೀನಿ. ಬಿಸಿಲಲ್ಲಿ ಯಾಕೆ ನಿಂತ್ರಿ?”

ಇನ್ನೂ ಮದುವೆಯ ಮಾತು ಗಟ್ಟಿಯಾಗಿರಲಿಲ್ಲ. ಅವರು ಚಿಕ್ಕಪ್ಪನನ್ನು ಭಾವ ಎಂದು ಕರೆದದ್ದು ಅದೇ ಮೊದಲು. ಮರದ ಕೆಳಗಿನವರೆಲ್ಲ ಕೇಳಿಸಿಕೊಂಡರು. ಚಿಕ್ಕಪ್ಪ ಕೈ ಚಾಚಿ ಚೀಟಿ ತೆಗೆದುಕೊಂಡರು. ನಾನು ಆರ್ಮುಗಂ ಕಡೆ ನೋಡದಿರಲು ಬಾಟಲಿಯ ಮುಚ್ಚಳ ನೋಡುತ್ತಿದ್ದೆ. ಆಮೇಲೆ ಚಿಕ್ಕಪ್ಪ ರಸ್ತೆ ದಾಟಿ ಪ್ಲೈವುಡ್ಡಿನ ಎದುರು ಹೋಗಿ ನಿಂತು, ತಮಿಳಿನಲ್ಲಿ, ತಿಂದೆಯಾ ಎಂದು ಕೇಳಿದರು: “ಸಾಪ್ಟಿಯಾ?”

“ಇಲ್ಲ ಚಂದ್ರಣ್ಣ, ನೀವು ಬಂದ ಮೇಲೆ ಮನೇಲಿ ಒಟ್ಟಿಗೆ ಅಂತ ಇದ್ದೆ,” ಎಂದರು ಆರ್ಮುಗಂ ಕನ್ನಡದಲ್ಲಿ. ಪಟ್ಟಿ ತೆರೆದು, ಒಂದೊಂದೇ ಹೆಸರಿನ ಕೆಳಗೆ ಬೆರಳಿಟ್ಟು ಚಿಕ್ಕಪ್ಪನ ಹೆಸರು ಹುಡುಕಿದರು. ನಾಗೇಂದ್ರಪ್ಪ ಕೊಟ್ಟ ಚೀಟಿ ಚಿಕ್ಕಪ್ಪನ ಎಡಗೈಯಲ್ಲೇ ಇತ್ತು. ಅದರಲ್ಲಿ ಅದೇ ನಂಬರ್ ಇತ್ತು. ಅದನ್ನು ತೋರಿಸಿದ್ದರೆ ಹುಡುಕುವ ಕಷ್ಟ ತಪ್ಪುತ್ತಿತ್ತು. ಆರ್ಮುಗಂ ನಿಧಾನವಾಗಿ, ದುಂಡಗೆ, ಕನ್ನಡ ಅಂಕಿಯಲ್ಲಿ ನಂಬರ್ ಬರೆದುಕೊಟ್ಟರು. ಚಿಕ್ಕಪ್ಪ ಎರಡೂ ಚೀಟಿ ಹಿಡಿದು ಸುಣ್ಣದ ಗೆರೆ ದಾಟಿದರು.

ನಾನು ಶಾಲೆಯ ಕಾಂಪೌಂಡಿನ ನೆರಳಿಗೆ ಹೋದೆ. ಅಲ್ಲಿ ಗಿರಿಜಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಚಿಕ್ಕಪ್ಪನ ಹಳೆಯ ಮನೆಯ ಎದುರು ಸಾಲಿನವರು, ನಾನು ಚಿಕ್ಕವಳಿದ್ದಾಗಿನಿಂದ ಕಂಡವರು. ಬೆರಳ ಶಾಯಿ ತೋರಿಸಿ, ತಗ್ಗಿದ ದನಿಯಲ್ಲಿ ಅಂದರು: “ನಂದು ಮಿಷನ್ನಿಗೇ ಹೋಯ್ತು ಕಣವ್ವ. ನನ್ ಮಗಳಿಗೆ ಹೆರಿಗೆ ನೋವು ಬಂದಾಗ ಆಟೋ ಹುಡುಕ್ಕೊಂಡು ಬಂದೋನು ಅವ್ನು. ಫ್ಯಾನಿನೋರ ಹತ್ರ ಹೇಳಬ್ಯಾಡ, ಅವರ ಅಂಗಡಿ ಮುಂದೇನೇ ನಾನು ಕೂರೋದು.”

ನಾನು ಹೇಳುವುದಿಲ್ಲ ಎಂದೆ. ಇಷ್ಟು ವರ್ಷದ ಮೇಲೆ, ಗಿರಿಜಮ್ಮ ಇಲ್ಲದ ಕಾಲದಲ್ಲಿ, ಬರೆಯುತ್ತಿದ್ದೇನೆ. ಇದು ಮಾತು ತಪ್ಪಿದಂತೆಯೋ ಅಲ್ಲವೋ ತಿಳಿಯದು.

ಚಿಕ್ಕಪ್ಪ ಒಳಗೆ ಹೋದಾಗ ಗಂಡಸರ ಸಾಲಿನಲ್ಲಿ ಇದ್ದವರು ಮೂರೋ ನಾಲ್ಕೋ ಜನ. ಅವರ ಹಿಂದೆ ಹೋದ ಒಬ್ಬ ಮುದುಕರು ಕೋಲು ಊರಿಕೊಂಡು ಹೊರಬಂದರು. ಅವರ ಹಿಂದಿನವನೂ ಬಂದ. ಚಿಕ್ಕಪ್ಪ ಬರಲಿಲ್ಲ. ಓಟೆಂದರೆ ಮರೆಯ ಹಿಂದೆ ಹೋಗಿ ಹಾಳೆಯ ಮೇಲೆ ಒಂದು ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕುವುದಷ್ಟೆ. ಒಳಗಿನಿಂದ ಯಾರೋ ಅಧಿಕಾರಿ, “ಯಜಮಾನ್ರೇ, ಆಯ್ತಾ?” ಎಂದು ಕೇಳಿದ್ದು ಕಿಟಕಿಯಿಂದ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ ಕೇಳಿದರು. ಗಿರಿಜಮ್ಮ ಒಂದು ಮೊಳ ಹೂ ಕಟ್ಟಿ ಮುಗಿಸಿದ್ದರು.

ಹೊರಬಂದಾಗ ಚಿಕ್ಕಪ್ಪನ ಅಂಗಿಯ ಬೆನ್ನು ಪೂರ್ತಿ ಒದ್ದೆ. ಮರದ ಕೆಳಗಿನಿಂದ ನಾಗೇಂದ್ರಪ್ಪ ಕೈಮುಗಿದರು. ಇವರೂ ಮುಗಿದರು. ಎದುರಿನಿಂದ ಆರ್ಮುಗಂ ನಕ್ಕರು. ಚಿಕ್ಕಪ್ಪ ಹತ್ತಿರ ಹೋಗಿ, “ಆಯ್ತು ಆರ್ಮುಗಂ, ನಾವಿನ್ನು ಹೊರಡ್ತೀವಿ,” ಎಂದರು.

ಕನ್ನಡದಲ್ಲಿ. ಅಷ್ಟು ವರ್ಷಗಳಲ್ಲಿ ಅವರು ಆರ್ಮುಗಂ ಜೊತೆ ಕನ್ನಡ ಆಡಿದ್ದನ್ನು ನಾನು ಕೇಳಿರಲಿಲ್ಲ. ಆರ್ಮುಗಂ ಒಂದು ಕ್ಷಣ ಚಿಕ್ಕಪ್ಪನ ಮುಖ ನೋಡಿದರು. ಆಮೇಲೆ ಏನೂ ಆಗದವರಂತೆ, ಹೆಂಡತಿ ಸೆಲ್ವಿ ಅಡಿಗೆ ಮಾಡಿ ಕಾಯುತ್ತಿದ್ದಾಳೆ, ಊಟ ಮಾಡದೆ ಬಿಡುವುದಿಲ್ಲ ಎಂದರು. ಪಕ್ಕದ ಸೈಕಲ್ ಅಂಗಡಿಯವನಿಗೆ ಮೇಜು ನೋಡಿಕೊಳ್ಳಲು ಹೇಳಿ ನಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟರು. ಅವರ ಮೇಜನ್ನು ನೋಡಿಕೊಳ್ಳುವ ಕೆಲಸವೇನೂ ಇರಲಿಲ್ಲ.

ನ್ಯೂ ಟೌನಿನಲ್ಲಿ ಬೀದಿಗಳು ನೇರ, ಮನೆಗಳು ಒಂದೇ ಅಳತೆ, ಅಂಗಳದಲ್ಲಿ ನುಗ್ಗೆ ಮರ. ಸೆಲ್ವಿಯಕ್ಕ ನುಗ್ಗೆಕಾಯಿ ಸಾಂಬಾರು, ಅನ್ನ, ಹಪ್ಪಳ, ಮಜ್ಜಿಗೆ ಬಡಿಸಿದರು. ನಾನು ಬಾಟಲಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ಗಲಾಟೆಯ ವರ್ಷ ತಿಂದದ್ದೇ ರುಚಿ ಇರುತ್ತದೆ ನೋಡು ಎಂದು ನನ್ನ ತಟ್ಟೆಗೇ ಮೊದಲು ಹಾಕಿದರು. ಪಕ್ಕದ ಮನೆಯ ಒಬ್ಬ ಹಿರಿಯರು ಬಾಗಿಲಿಗೆ ಬಂದು ನಿಂತು ತಮಿಳಿನಲ್ಲಿ ಉದ್ದಕ್ಕೆ ಮಾತಾಡಿದರು. ನನಗೆ ಅರ್ಥವಾದದ್ದು ಇಷ್ಟು: ಇಲ್ಲಿ ನಿಂತಿದ್ದರೆ ನಾಳೆ ನಿನಗೆ ಮಾಲೆ ಹಾಕುತ್ತಿದ್ದೆವು, ನಿನ್ನ ಬದಲು ಇಲ್ಲಿ ನಿಲ್ಲಿಸಿದ ಕನ್ನಡದ ಕ್ರೇನ್ ಡ್ರೈವರಿಗೆ ಯಾರು ಹಾಕುತ್ತಾರೆ, ಎರಡೂ ಹೋಯಿತು.

ಆರ್ಮುಗಂ ಕನ್ನಡದಲ್ಲಿಯೇ ಉತ್ತರ ಕೊಟ್ಟರು, ನಮಗೂ ಕೇಳಲೆಂದಿರಬೇಕು. “ಇಲ್ಲಿ ನಿಂತು ಗೆದ್ರೆ ನಾನು ತಮಿಳರ ಕೌನ್ಸಿಲರ್ ಆಗ್ತಿದ್ದೆ ಮಾಮ. ಅಲ್ಲಿ ಸೋತ್ರೂ ಊರಿನೋನು ಆಗ್ತೀನಿ.”

ಚಿಕ್ಕಪ್ಪ ಅನ್ನ ಕಲಸುತ್ತಲೇ ಇದ್ದರು. ಆ ಮಾತು ಅವರೇ ಸಭೆಗಳಲ್ಲಿ ಹೇಳುತ್ತಿದ್ದುದು. ಅದನ್ನು ನಾನೇ ಕರಪತ್ರದಲ್ಲಿ ಹಾಕಿದ್ದೆ. ಅಚ್ಚಿನಲ್ಲಿ ಓದಿದಾಗ ಚೆನ್ನಾಗಿದ್ದ ಮಾತು, ಬಿಸಿಲಲ್ಲಿ ಕೂತು ಬಂದವರ ಬಾಯಲ್ಲಿ ಕೇಳಿದಾಗ ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಚಿಕ್ಕಪ್ಪನೂ ಮಜ್ಜಿಗೆಗೆ ಕಾಯದೆ ಎದ್ದರು.

ನಾಲ್ಕು ಗಂಟೆಯ ಬಸ್ಸಿಗೆ ಆರ್ಮುಗಂ ಸ್ಟ್ಯಾಂಡಿನವರೆಗೂ ಬಂದರು. ಕಿಟಕಿಯ ಕೆಳಗೆ ನಿಂತು, ವಿನುತಾಳ ಮಾತುಕತೆ ಎಲ್ಲಿಗೆ ಬಂತು ಎಂದು ಕೇಳಿದರು. ಯಾವ ಮನೆ ಎಂಬುದು ಅವರಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಚಿಕ್ಕಪ್ಪ ನೋಡಬೇಕು ಎಂದರು. “ಒಳ್ಳೇ ಮನೆ ಚಂದ್ರಣ್ಣ, ಬಿಡಬೇಡಿ,” ಎಂದರು ಆರ್ಮುಗಂ. ಬಸ್ಸು ಹೊರಟ ಮೇಲೆ ನಾನು ಹಿಂದಿರುಗಿ ನೋಡಿದೆ. ಅವರು ತಲೆಯ ಟವೆಲು ಬಿಚ್ಚಿ ಕೊಡವಿ, ಮತ್ತೆ ಸುತ್ತಿಕೊಂಡು, ಸೇತುವೆಯ ಕಡೆಗೆ ನಡೆದರು. ಮತದಾನ ಮುಗಿಯಲು ಇನ್ನೂ ಒಂದು ಗಂಟೆ ಇತ್ತು.

ದಾರಿಯಲ್ಲಿ ಚಿಕ್ಕಪ್ಪ ಜೇಬಿನಿಂದ ಎರಡೂ ಚೀಟಿ ತೆಗೆದು ತೊಡೆಯ ಮೇಲಿಟ್ಟು ಸಮ ಮಾಡಿದರು. ಒಂದರಲ್ಲಿ ಇಂಗ್ಲಿಷ್ ಅಂಕಿ, ಒಂದರಲ್ಲಿ ಕನ್ನಡ ಅಂಕಿ, ನಂಬರ್ ಒಂದೇ. ಮಾಚೇನಹಳ್ಳಿ ಬಂದಾಗ ಮತ್ತೆ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದಾಗ ಚಿಕ್ಕಮ್ಮ ನನ್ನನ್ನೇ ನೋಡಿದರು. ಎರಡು ಕಡೆಯೂ ಚೀಟಿ ತೆಗೆದುಕೊಂಡರು ಎಂದೆ. ಆಕೆ ನಿಟ್ಟುಸಿರು ಬಿಟ್ಟು, “ಅವರ ಜಾಯಮಾನಾನೇ ಅದು,” ಎಂದು ಒಳಗೆ ಹೋದರು.

ಎಣಿಕೆಯ ದಿನ ಸಂಜೆ ಕೆಳಗಡೆ ಮನೆಯ ಓನರ್ ಫೋನ್ ಬಂದಿದೆ ಎಂದು ಕರೆದರು. ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದರು, ನಾನು ಹೋದೆ. ಆರ್ಮುಗಂ. ನಾಗೇಂದ್ರಪ್ಪ ಗೆದ್ದರು ಎಂದರು. ನ್ಯೂ ಟೌನಿನಲ್ಲಿ ಕ್ರೇನ್ ಡ್ರೈವರೂ ಸೋತಿದ್ದರು. ಹಳೇನಗರದ ಶಾಲೆಯ ಆ ಬೂತಿನಲ್ಲಿ ಹೊಲಿಗೆ ಮಿಷನ್ನಿಗೆ ಬಿದ್ದದ್ದು ಒಂದೇ ಒಂದು ಓಟು. ಆಮೇಲೆ ಅವರ ದನಿ ಬದಲಾಯಿತು, ಗೆದ್ದವರ ದನಿಯಂತೆ.

“ಆ ಒಂದು ಯಾರದು ಅಂತ ನಂಗೆ ಗೊತ್ತಮ್ಮ. ಅವತ್ತು ಅಣ್ಣ ಯಾಕೋ ಒಂಥರಾ ಇದ್ರು, ಒಂದು ಗಳಿಗೆ ಅನುಮಾನಪಟ್ಟೆ. ತಪ್ಪಾಯ್ತು ಅಂತ ಹೇಳು. ಅದು ಒಂದು ಸಾಕು ಅಂತ ಹೇಳು.”

ನನಗೆ ಗಿರಿಜಮ್ಮನ ಬೆರಳಿನ ಶಾಯಿ ನೆನಪಾಯಿತು. ಫೋನ್ ಇಡುವ ಮೊದಲು ಅವರು ಇನ್ನೊಂದು ಸೇರಿಸಿದರು. ಕೆಟ್ಟುಹೋಗಿವೆ ಎಂದು ಆ ಬೂತಿನಲ್ಲಿ ಪಕ್ಕಕ್ಕಿಟ್ಟ ಕೆಲವು ಓಟುಗಳಿದ್ದವಂತೆ. ಅದರಲ್ಲಿ ಒಂದು ವಿಚಿತ್ರವಾಗಿತ್ತು: ಯಾರೋ ಮಹಾನುಭಾವರು ಫ್ಯಾನಿಗೂ ಮಿಷನ್ನಿಗೂ ಎರಡಕ್ಕೂ ನೀಟಾಗಿ ಮುದ್ರೆ ಒತ್ತಿದ್ದರು. ಎಣಿಸುವವರೆಲ್ಲ ನಕ್ಕರಂತೆ. ಆರ್ಮುಗಂ ಕೂಡ ನಗುತ್ತಲೇ ಹೇಳಿದರು.

ಮೆಟ್ಟಿಲು ಹತ್ತಿ ಬಂದು ನಾನು ಚಿಕ್ಕಪ್ಪನಿಗೆ ಫಲಿತಾಂಶ ಹೇಳಿದೆ. ಒಂದು ಓಟಿನ ಸಂಗತಿಯನ್ನೂ, ಅದು ನಿಮ್ಮದು ಎಂದು ಅವರು ನಂಬಿರುವುದನ್ನೂ, ತಪ್ಪಾಯಿತು ಅಂದದ್ದನ್ನೂ ಹೇಳಿದೆ. ಕೆಟ್ಟ ಓಟಿನ ಮಾತು ಹೇಳಲಿಲ್ಲ. ಗಿರಿಜಮ್ಮನ ಮಾತೂ ಹೇಳಲಿಲ್ಲ. ಅವರು ತಲೆ ಒರೆಸಿಕೊಳ್ಳುತ್ತ ನಿಂತವರು ಟವೆಲನ್ನು ಮುಖದ ಮೇಲಿಂದ ಬಹಳ ಹೊತ್ತು ತೆಗೆಯಲಿಲ್ಲ.

ವಿನುತಾಳ ಮದುವೆ ಅದೇ ಮನೆಗೆ ಆಯಿತು. ಆರ್ಮುಗಂ ಸಂಸಾರ ಸಮೇತ ಬಂದು ಊಟದ ಪಂಕ್ತಿಯಲ್ಲಿ ಬಡಿಸಿದರು. ಅವತ್ತು ಇಡೀ ದಿನ ಚಿಕ್ಕಪ್ಪ ಅವರೊಂದಿಗೆ ತಮಿಳನ್ನೇ ಆಡಿದರು. ಪಕ್ಷ ಆಮೇಲೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಆರ್ಮುಗಂ ಸ್ವಯಂ ನಿವೃತ್ತಿ ಪಡೆದು ಸೇಲಂ ಕಡೆಗೆ ಹೋದರು. ಹಬ್ಬಕ್ಕೊಂದು ಕಾಗದ ಬರೆಯುತ್ತಾರೆ, ಕನ್ನಡದಲ್ಲಿ.

ಆ ದಿನ ಕಿಟಕಿಯಿಂದ ಕೇಳಿಸಿದ ಅಧಿಕಾರಿಯ ದನಿ ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ ಹೇಳಲಾರೆ. ಗಿರಿಜಮ್ಮ ಹೇಳಿದ್ದು ಬರೀ ನನ್ನ ಸಮಾಧಾನಕ್ಕೇ ಇದ್ದೀತು. ಆಗ ಆ ಒಂದು ಓಟು ಚಿಕ್ಕಪ್ಪನದೇ ಆಗುತ್ತದೆ. ಆದರೆ ನಾನು ಚಿಕ್ಕಪ್ಪನನ್ನು ಕೇಳಿದ ಪ್ರಶ್ನೆಯ ಬಗ್ಗೆ ನನಗೆ ಅನುಮಾನವಿಲ್ಲ. ಫೋನ್ ಬಂದ ಮಾರನೆಯ ಬೆಳಿಗ್ಗೆ ಅವರು ವರಾಂಡದಲ್ಲಿ ಕೂತು ಮದುವೆಗೆ ಕರೆಯಬೇಕಾದವರ ಹೆಸರು ಬರೆಯುತ್ತಿದ್ದರು. ಮೊದಲ ಹೆಸರು ಆರ್ಮುಗಂ ಅವರದು. ನನ್ನ ಮಾತಿಗೆ ಪೆನ್ನು ನಿಂತಿತು, ಮತ್ತೆ ಮುಂದಿನ ಹೆಸರಿಗೆ ಹೋಯಿತು. ಕೇಳಿದ್ದನ್ನು ಮಾತ್ರ ಆಗಲೇ ಒಳಗೆ ಹೋಗಿ ಡೈರಿಯಲ್ಲಿ ಬರೆದಿಟ್ಟೆ, ಆದ್ದರಿಂದ ಇದೊಂದು ಅಕ್ಷರಕ್ಕೆ ಅಕ್ಷರ ಸರಿ:

“ಚಿಕ್ಕಪ್ಪ, ಅವತ್ತು ಒಳಗೆ ಅಷ್ಟು ಹೊತ್ತು ಏನ್ ಮಾಡ್ತಿದ್ರಿ?”